ಹೊರಡುವವರ ತರಗತಿ

ಬೈತಖೋಲದಲ್ಲಿ, ಬಲೆ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ಶನಿವಾರ ಮೂರಕ್ಕೆ ನನ್ನ ತರಗತಿ.
ಒಂಬತ್ತು ಹುಡುಗಿಯರು, ಇಬ್ಬರು ಹುಡುಗರು.
ಏಪ್ರಿಲಿಗೆ ಜರ್ಮನಿ, ನರ್ಸಿಂಗ್ ಓದು.
ಭಾಷೆ ಕಲಿಸಲು ಬೇರೆಯವರಿದ್ದಾರೆ.
ಭಾಷೆ ಮುಗಿದ ಮೇಲೂ ಉಳಿಯುವುದು ನನ್ನ ಪಾಲಿಗೆ.

ಮೊದಲ ಪಾಠ ತಲೆಯದ್ದು.
ಹೌದೂ ಅಲ್ಲ, ಇಲ್ಲವೂ ಅಲ್ಲ ಅನ್ನುವ ಹಾಗೆ
ದಕ್ಕೆಗೆ ಕಟ್ಟಿದ ದೋಣಿಯಂತೆ ಆಡಿಸುತ್ತೇವಲ್ಲ,
ಅದನ್ನು ಇಲ್ಲೇ ಬಿಟ್ಟು ಹತ್ತಿ ವಿಮಾನ.
ಬೇಡ ಅಂದರೆ ಅಲ್ಲಿ ಬೇಡ.
ಮೂರನೇ ಸಲ ಒತ್ತಾಯ ಮಾಡುವವರಿಲ್ಲ.
ಮರ್ಯಾದೆಗೆಂದು ಬೇಡ ಅಂದು
ಒಂದು ತಿಂಗಳು ಹಸಿದು ಮನೆಗೆ ಬಂದವಳು ನಾನು.

ಎರಡನೆಯದು ಹೊತ್ತು.
ಆರು ಅಂದರೆ ಆರು. ನಗಬೇಡ ವಿಠೋಬ ತಾಂಡೇಲ,
ಭರತಿ ನೀರು ನಿನ್ನಪ್ಪನಿಗೆ ಕಾದದ್ದುಂಟೇ?
ಗಳಿಗೆ ತಪ್ಪಿದರೆ ಅಳಿವೆಯಲ್ಲಿ ದೋಣಿ ಮರಳಿಗೆ.
ಅಲ್ಲಿಯ ಟ್ರಾಮೂ ಹಾಗೇ ಅಂದುಕೋ.
ಅವನಿಗೆ ತಟ್ಟನೆ ತಿಳಿಯಿತು, ನಗು ನಿಂತಿತು.

ವಾರ್ಡಿನ ಮುದುಕರನ್ನು ಅಜ್ಜಾ ಅನ್ನಬೇಡಿ.
ನಿಮ್ಮ ಅಜ್ಜ ಆಗುತ್ತೇನೆಂದು ಅವರು ಕೇಳಿಕೊಂಡಿಲ್ಲ.
ಒಣ ಬಂಗಡೆ ಸುಡುವ ಮುನ್ನ ಕಿಟಕಿ ತೆರೆಯಿರಿ,
ಪಕ್ಕದವರ ಬಾಗಿಲಿಗೆ ಒಂದು ಚೀಟಿ ಅಂಟಿಸಿ.
ಕ್ಷಮೆ ಕೇಳಿ; ನಾಚಿಕೊಳ್ಳಬೇಡಿ.
ಎರಡೂ ಬೇರೆ.

ಇವತ್ತು ನಾಟಕ.
ವಂದನಾ ಬಾನಾವಳಿ ಎಂಬತ್ತರ ರೋಗಿ,
ಟವೆಲು ಹೊದ್ದು ಬೆಂಚಿನ ಮೇಲೆ ನರಳಿಕೆ.
ಜುಲಿಯಾನಾ ಸಿದ್ದಿ ನರ್ಸು.
‘ನೀನು ಎಲ್ಲಿಯವಳು?’
‘ಯಲ್ಲಾಪುರದ ಕಡೆಯವಳು.’
‘ಅದಲ್ಲ, ನಿಜವಾಗಿ ಎಲ್ಲಿಯವಳು?’

ಇಂಥ ಪ್ರಶ್ನೆ ಬಂದೇ ಬರುತ್ತದೆ, ಕಂಗೆಡಬೇಡಿ,
ಎನ್ನಲು ನಾನು ಬಾಯಿ ತೆರೆದಿದ್ದೆ.
ಜುಲಿಯಾನಾ ನಕ್ಕಳು.
‘ಟೀಚರ್, ಈ ಪಾಠ ನನಗೆ ಹಳೇದು.
ಇಲ್ಲೇ ಕಾರವಾರದ ಬಸ್ಸಲ್ಲಿ ಕಂಡಕ್ಟರು
ನನಗೊಬ್ಬಳಿಗೇ ಇಂಗ್ಲಿಷಲ್ಲಿ ಟಿಕೆಟ್ ಕೊಟ್ಟ.
ಕನ್ನಡದಲ್ಲಿ ಚಿಲ್ಲರೆ ಕೇಳಿದೆ,
ಬಸ್ಸಿಗೆ ಬಸ್ಸೇ ತಿರುಗಿ ನೋಡಿತು.
ಹಾಸ್ಟೆಲಲ್ಲೂ ಮೊದಲ ವಾರ...’

ಅಲ್ಲಿಗೆ ನಿಲ್ಲಿಸಿದಳು.
ವಂದನಾ ಟವೆಲು ತೆಗೆದು ಮಡಚಿದಳು,
ಬಿಚ್ಚಿ ಇನ್ನೊಮ್ಮೆ ಮಡಚಿದಳು.
ಕೆಳಗೆ ಐಸ್ ಲಾರಿ ಹಿಂದೆ ಹಿಂದೆ ಸರಿಯುತ್ತಿತ್ತು.

‘ಆಗೆಲ್ಲ ಏನು ಹೇಳ್ತಿದ್ದೆ?’ ಕೇಳಿದೆ,
ಉತ್ತರ ಗೊತ್ತಿದ್ದು ಕೇಳುವ ಧ್ವನಿಯಲ್ಲಲ್ಲ.
‘ಒಂದಿನ ಊರ ಹೆಸರು. ಒಂದಿನ ಅಜ್ಜಿಯ ಹೆಸರು.
ಸುಸ್ತಾದ ದಿನ ಏನೂ ಇಲ್ಲ,
ಚಿಲ್ಲರೆ ಎಣಿಸಿಕೊಂಡು ಇಳಿದುಬಿಡೋದು.’
ಹನ್ನೊಂದು ವರ್ಷ ಹೊರಗಿದ್ದು ಬಂದ ನಾನು
ಅದನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದುಕೊಂಡೆ.

ನಮಗೆ ಗಂಟೆಯಿಲ್ಲ. ಮೀನು ಹರಾಜಿನ ಕೂಗೆದ್ದರೆ
ತರಗತಿ ಮುಗಿಯಿತು.

ಹೇಳದೆ ಉಳಿಸಿಕೊಂಡ ಪಾಠ ಒಂದಿದೆ.
ಹ್ಯಾಂಬರ್ಗಿನಲ್ಲಿ, ಹದಿನಾಲ್ಕನೇ ಕೋಣೆಯ ಮುದುಕಿಗೆ
ಪಾಳಿ ಮುಗಿಸಿ, ಅವಳದೇ ಭಾಷೆಯಲ್ಲಿ,
ಪದಕ್ಕೆ ಪದ ಜೋಡಿಸಿ ಅಂದಿದ್ದೆ: ಹೋಗಿ ಬರ್ತೇನೆ.
ಅವಳು ದೀಪ ಆರಿಸಲಿಲ್ಲವಂತೆ.
ಎರಡನೇ ಕಪ್ಪು ಇಟ್ಟುಕೊಂಡು ಕೂತೇ ಇದ್ದಳಂತೆ, ರಾತ್ರಿ ಒಂದರವರೆಗೆ.
ಬೆಳಿಗ್ಗೆ ಸಿಟ್ಟಿನಲ್ಲಿ ಕೇಳಿದಳು, ಬರ್ತೇನೆ ಅಂದಿದ್ದೆಯಲ್ಲ?
ಬಂದೆನಲ್ಲ, ಅಂದೆ.
ಇಬ್ಬರಲ್ಲಿ ಯಾರು ತಪ್ಪು ತಿಳಿದೆವೋ
ಇನ್ನೂ ಬಗೆಹರಿದಿಲ್ಲ.

ಮೆಟ್ಟಿಲಿಳಿಯುತ್ತ ಒಬ್ಬೊಬ್ಬರೂ
ಹೋಗಿ ಬರ್ತೇವೆ ಟೀಚರ್, ಹೋಗಿ ಬರ್ತೇವೆ.
ನಾನು ತಿದ್ದಲಿಲ್ಲ.
ಬೆಂಚು ಸರಿಸಲು ಜುಲಿಯಾನಾ ಉಳಿದಳು,
ಮತ್ತೊಂದು ತುದಿ ಹಿಡಿಯಲು ವಂದನಾ,
ಹೆಗಲ ಮೇಲೆ ಇನ್ನೂ ಆ ಟವೆಲು.