ಇಲ್ಲದ ಹಲ್ಲು

"ಎಡಗಡೆ, ಕೆಳಗೆ, ಕೊನೆಯದು" ಎಂದಳು ಝುಝುನಾ
ಕುರ್ಚಿಗೆ ಒರಗುವ ಮೊದಲೇ.
ಕೂದಲಲ್ಲಿ ಹಿಟ್ಟು,
ಮುಂಗೈ ತುಂಬ ಒಲೆಯಂಚು ಸುಟ್ಟ ಗೆರೆಗಳು.
ಕೆಳಗಿನ ರೊಟ್ಟಿಯಂಗಡಿಯಿಂದ ಹದಿನೆಂಟು ಮೆಟ್ಟಿಲು.
ಹತ್ತನೆಯದರಲ್ಲಿ ಅವಳು ನಿಂತದ್ದು
ನನಗೆ ಕೇಳಿಸಿತ್ತು. ಅಷ್ಟಾಗಿ ಲಕ್ಷ್ಯವಿಡಲಿಲ್ಲ.

ಕುತಾಯಿಸಿಯ ಈ ಬೀದಿಯಲ್ಲಿ ಇಪ್ಪತ್ತು ವರ್ಷದಿಂದ
ಅವಳು ಬೇಯಿಸುತ್ತಾಳೆ, ನಾನು ಕೀಳುತ್ತೇನೆ.
ಅವಳ ರೊಟ್ಟಿಯ ಗಟ್ಟಿ ಅಂಚೇ ನನಗೆ ಗಿರಾಕಿ ಕಳಿಸುವುದು
ಎಂಬುದು ನಮ್ಮಿಬ್ಬರ ಹಳೇ ತಮಾಷೆ.
ಇವತ್ತು ಅದನ್ನೂ ಆಡಲಿಲ್ಲ.

ದೀಪ ಎಳೆದು ಕನ್ನಡಿ ಹಿಡಿದೆ.
ಎಡಗಡೆ, ಕೆಳಗೆ, ಕೊನೆಗೆ
ಹಲ್ಲೇ ಇಲ್ಲ.
ನಾನೇ ಕಿತ್ತದ್ದು, ಅವಳ ಮಗನ ಮದುವೆಯ ವರ್ಷ.
ವಸಡು ಎಳೆಮಗುವಿನ ಹಿಮ್ಮಡಿಯಷ್ಟು ನುಣ್ಣಗೆ.
ಊತವಿಲ್ಲ, ಕೀವಿಲ್ಲ, ಒತ್ತಿದರೆ ನೋವಿಲ್ಲ.
"ಮೂಳೆಯೊಳಗೆ ಯಾರೋ ಹಿಂಡುತ್ತಿದ್ದಾರೆ, ವರ್ಲಾಮ್.
ನಿನ್ನೆ ಮೂಟೆ ಎತ್ತುವಾಗ ಬಂತು, ಕೂತರೆ ಹೋಯಿತು.
ಇವತ್ತು ಹೋಗುತ್ತಿಲ್ಲ."

ಬೆನ್ನು? ದಿನಕ್ಕೆ ಮುನ್ನೂರು ಸಲ
ಒಲೆಯ ಬಾವಿಗೆ ಬಗ್ಗುವವಳ ಬೆನ್ನು ನೋಯದೆ?
ತೋಳು? ಅದೇ ತೋಳಲ್ಲವೆ ಹಿಟ್ಟು ಬಡಿಯುವುದು.
ಹೊಟ್ಟೆ ತೊಳಸುವುದು ರಾತ್ರಿ ತಿಂದ ಕಾಳಿನ ತಪ್ಪು.
ಬೆವರೋ, ಬೆಂಕಿಯ ಮುಂದಿನ ಬದುಕು.
ಆದರೆ ಬೆಂಕಿ ಕೆಳಗಿದೆ.
ನನ್ನ ಕೋಣೆಯಲ್ಲಿ ಫೆಬ್ರವರಿ ತಿಂಗಳು,
ಅವಳ ಹಣೆ ಮುಟ್ಟಿದರೆ ಬಾವಿಕಟ್ಟೆಯ ಕಲ್ಲು.
"ಎದೆ ಏನೂ ನೋಯುತ್ತಿಲ್ಲ, ಮೇಲೆ
ಹಿಟ್ಟಿನ ಮೂಟೆ ಇಟ್ಟ ಹಾಗೆ, ಅಷ್ಟೆ."

ಅಷ್ಟೆ.
ಅಪ್ಪನೂ ಹೀಗೇ ಅಂದಿದ್ದ.
ಗುಳ್ಳೆ ಏಳುವ ನೀರು ಕುಡಿದು, ಗೋಡೆಗೆ ಒರಗಿ,
ಬೆಳಗಾಗಲಿ ಎಂದಿದ್ದ.
ಪಕ್ಕದ ಮನೆಯವನ ಹತ್ತಿರ ಕಾರಿತ್ತು;
ಸರಿರಾತ್ರಿ ಬಾಗಿಲು ತಟ್ಟುವುದು ಮರ್ಯಾದೆಯೆ?
ಬೆಳಗಾಯಿತು.
ಚೆನ್ನಾಗಿ ನಿದ್ದೆ ಮಾಡಿ ಎದ್ದ ಅವನೇ
ಪೆಟ್ಟಿಗೆಗೆ ಮೊದಲು ಹೆಗಲು ಕೊಟ್ಟ.
ಯಾಕೆ ಎಬ್ಬಿಸಲಿಲ್ಲ ಎಂದು
ಇವತ್ತಿಗೂ ನನ್ನನ್ನು ಕೇಳುತ್ತಾನೆ.

ನೂರಹನ್ನೆರಡಕ್ಕೆ ಫೋನು ಮಾಡಿದೆ.
"ದಂತವೈದ್ಯರೆ? ಹಲ್ಲುನೋವೆ?" ಎಂದಿತು ಆ ದನಿ.
"ಹೃದಯ" ಎಂದೆ.
ಎದುರಿಗೆ ಕೂತವಳ ಮುಖ ಕೆಂಪಾಯಿತು, ಸಿಟ್ಟಿಗೆ.
"ಹಿಟ್ಟು ಉಬ್ಬುತ್ತಿದೆ, ಹುಳಿಯಾಗುತ್ತದೆ!
ಆಸ್ಪತ್ರೆ ಸೇತುವೆಯಾಚೆ ತಾನೆ, ನಡೆದೇ ಹೋದೇನು.
ಹಲ್ಲುನೋವಿಗೆ ಆಂಬುಲೆನ್ಸ್ ತರಿಸಿದಳೆಂದು
ಬೀದಿಗೆ ಬೀದಿಯೇ ನಗುತ್ತದೆ."
ನಗಲಿ, ಎಂದೆ. ಏಳಬೇಡ.

ಕಾಯುತ್ತಿದ್ದ ಹುಡುಗ ಉಚಾ, ಕೆನ್ನೆ ಬನ್ನಿನಂತೆ ಊದಿಕೊಂಡವನು,
ತನ್ನ ಕುತ್ತಿಗೆಯ ಶಾಲು ಬಿಚ್ಚಿಕೊಂಡು
ಮೂಲೆಗೆ ಓಡಿದ, ಗಾಡಿಗೆ ದಾರಿ ತೋರಲು.
ಫೋನಿನ ದನಿ ಒಂದಿಷ್ಟು ಕೇಳಿತು:
ಯಾವುದಾದರೂ ಮದ್ದು ಒಗ್ಗುವುದಿಲ್ಲವೆ,
ರಕ್ತ ಸೋರುವ ಕಾಯಿಲೆ ಇದೆಯೆ. ಆಮೇಲೆ
ಒಂದು ಆಸ್ಪಿರಿನ್ ಅಗಿಯಲಿ ಎಂದಿತು.
"ಬಲಗಡೆಯಿಂದ ಅಗಿ" ಎಂದುಬಿಟ್ಟೆ, ಅಭ್ಯಾಸಬಲ.
ಅವಳು ನಕ್ಕಳು; ನಗು ಅರ್ಧಕ್ಕೇ ನಿಂತಿತು.
ನನ್ನ ಮಣಿಕಟ್ಟು ಹಿಡಿದಳು,
ಹಲ್ಲು ಕೀಳುವಾಗಲೂ ಹಿಡಿಯದವಳು.

ಬಂದವರು ತಂತಿ ಅಂಟಿಸಿದರು, ಕಾಗದ ಹೊರಬಂತು.
ಓದಿದವನು ತಲೆ ಎತ್ತದೆ "ಬೇಗ" ಎಂದ.
ಕುರ್ಚಿಸಮೇತ ಇಳಿಸುವಾಗ ಹತ್ತನೆಯ ಮೆಟ್ಟಿಲಲ್ಲಿ
"ಒಲೆ" ಎಂದಳು, ಇನ್ನೇನೂ ಅನ್ನಲಿಲ್ಲ.

ಆ ಸಂಜೆ ಹಿಟ್ಟು ದೋಣಿ ಮೀರಿ ನೆಲಕ್ಕಿಳಿಯಿತು.
ನಾನೇ ಬಳಿದೆ, ಸಲಿಕೆಯಲ್ಲಿ.

ಏಪ್ರಿಲಿನಲ್ಲಿ ಅಂಗಡಿಯ ಮುಂದೆ ಸ್ಟೂಲು ಹಾಕಿಸಿಕೊಂಡು
ಸೊಸೆಯ ಕೈಕೆಲಸಕ್ಕೆ ಬೈಯುತ್ತ ಕೂತಿದ್ದಳು.
"ಇಲ್ಲದ ಹಲ್ಲಿಗೆ ನಿನ್ನ ಫೀಸೆಷ್ಟು?"
ಎರಡು ಬಿಸಿ ರೊಟ್ಟಿ ಕೊಟ್ಟಳು, ಒಂದು ಸೀದಿತ್ತು.

ಈಗ ಯಾರೇ ಬರಲಿ,
ಬಾಯಿ ತೆರೆಸುವ ಮುಂಚೆ, ದೀಪಕ್ಕೂ ಮುಂಚೆ,
ಬಾಗಿಲ ಹಿಂದೆ ನಿಂತು
ಮೆಟ್ಟಿಲು ಎಣಿಸುತ್ತೇನೆ.