ಆರು ಮೆಟ್ಟಿಲ ಕೆಳಗೆ

ತಿಬಿಲಿಸಿಯ ಹಳೇ ಬೀದಿಯೊಂದರಲ್ಲಿ ನಮ್ಮ ರೊಟ್ಟಿಯಂಗಡಿ
ನೆಲದಿಂದ ಆರು ಮೆಟ್ಟಿಲು ಕೆಳಗೆ.
ಕಿಟಕಿ ಇರುವುದು ಕಾಲುದಾರಿಯ ಮಟ್ಟಕ್ಕೆ,
ಅದರಲ್ಲಿ ಜನ ಕಾಣುವುದಿಲ್ಲ,
ಜನರ ಕಾಲು ಕಾಣುತ್ತವೆ.

ನತೇಲಾಳಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ರಾತ್ರಿಪಾಳಿ.
ಹಾಗಾಗಿ ನಾಲ್ಕು ವರ್ಷದ ಲಿಲೆ
ಹಿಟ್ಟಿನ ಮೂಟೆಗಳ ಮೇಲೆ ಮಲಗಿ
ನಸುಕಿಗೇ ಏಳುತ್ತಾಳೆ,
ಕಣ್ಣಿಗಿಂತ ಮೊದಲು ಬಾಯಿ ತೆರೆಯುತ್ತಾಳೆ.

'ಅಪ್ಪಾ, ಈ ಬೂಟುಗಳೆಲ್ಲ ಎಲ್ಲಿಗೆ ಹೋಗ್ತಿವೆ?'

ಕೆಸರು ಮೆತ್ತಿದ್ದು ಬೀದಿ ಗುಡಿಸೋಕೆ.
ಹೊಳೆಯೋದು ಈಗಷ್ಟೇ ಮನೆಗೆ,
ಸದ್ದಾಗದ ಹಾಗೆ ಬಾಗಿಲು ತೆಗೆಯೋಕೆ.
'ನಿಂಗೆ ಹೇಗೆ ಗೊತ್ತು?'
ಹಿಮ್ಮಡಿ ಹೇಳುತ್ತೆ ಮಗಳೇ, ಹಿಮ್ಮಡಿಗೆ ಸುಳ್ಳು ಬರೋಲ್ಲ.

'ನಿನ್ನ ಕೈ ಮೇಲೆ ಕೂದಲು ಯಾಕಿಲ್ಲ?'
ಒಲೆ ತಿಂತು.
'ಒಲೆಗೂ ಹಸಿವಾ?'
ಸೌದೆ ತಂದ ಗೂರಮ್ ಅಲ್ಲೇ ನಿಂತು ನಕ್ಕ.
ಅವಳು ನಗಲಿಲ್ಲ. ಉತ್ತರ ಬಾಕಿ ಇತ್ತು.

ನಾನು ಚಿಕ್ಕವನಿದ್ದಾಗ ಹೀಗೆ ಕೇಳಿದರೆ ನನ್ನಮ್ಮ,
'ಜಾಸ್ತಿ ಕೇಳಿದರೆ ಕಿವಿ ಉದ್ದ ಆಗುತ್ತೆ' ಅನ್ನುತ್ತಿದ್ದಳು.
ನನ್ನ ಕಿವಿ ನೋಡಿದವರಿಗೆ ಗೊತ್ತು
ನಾನು ನಿಲ್ಲಿಸಲಿಲ್ಲ ಎಂದು.
ಆದರೆ ಉತ್ತರವೂ ಸಿಗಲಿಲ್ಲ.

ನಮ್ಮ ಒಲೆ ಮಣ್ಣಿನ ಬಾವಿ, ತಳದಲ್ಲಿ ಬೆಂಕಿ.
ದೋಣಿಯಂತೆ ಎಳೆದ ಹಿಟ್ಟಿಗೆ ಉಪ್ಪುನೀರು ಸವರಿ
ಸೊಂಟದವರೆಗೂ ಒಳಗೆ ಬಗ್ಗಿ
ಗೋಡೆಗೆ ಫಟ್ ಎಂದು ಬಡಿಯುತ್ತೇನೆ.
'ಬೆಂಕಿಗೆ ಯಾಕೆ ಬೀಳಲ್ಲ ಅದು?'
ಹಸಿಯಾಗಿದೆಯಲ್ಲ, ಗೋಡೆಯನ್ನ ಗಟ್ಟಿಯಾಗಿ ಹಿಡ್ಕೊಂಡಿದೆ.
ಬೆಂದ ಮೇಲೆ ಕೈ ಬಿಡುತ್ತೆ,
ಅಷ್ಟರಲ್ಲಿ ನಾನು ಕೊಕ್ಕೆ ಹಾಕಿ ಎತ್ತಬೇಕು.
'ನೀನು ಮರೆತರೆ?'
ಮರೆಯಲ್ಲ.
'ಮರೆತರೆ?'
ಬೀಳುತ್ತೆ.

ಆಮೇಲೆ ಹಿಟ್ಟಿನ ತೊಟ್ಟಿಯ ಹತ್ತಿರ ಹೋದಳು.
'ಇದು ಯಾಕೆ ಉಬ್ಬಿದೆ?'
ಒಳಗೆ ಕಣ್ಣಿಗೆ ಕಾಣದಷ್ಟು ಸಣ್ಣ ಜೀವಗಳಿವೆ,
ಹಿಟ್ಟು ತಿಂದು ತೇಗುತ್ತವೆ,
ಆ ತೇಗೇ ಈ ಗುಳ್ಳೆ.
ಅವಳು ತೊಟ್ಟಿಗೆ ಕಿವಿಯಿಟ್ಟಳು, ಬೆರಳು ತುಟಿಗೆ,
'ಶ್, ಉಣ್ತಾ ಇವೆ.'

ಇಷ್ಟಕ್ಕೆ ಮುಗಿಯಬಹುದಿತ್ತು.

'ಒಲೆಗೆ ಹಾಕಿದರೆ ಅವಕ್ಕೆ ಏನಾಗುತ್ತೆ?'

ನನ್ನ ಕೈ ಗಾಳಿಯಲ್ಲೇ ನಿಂತಿತು, ಕೈಯಲ್ಲಿ ಹಿಟ್ಟು.
ಇಪ್ಪತ್ತೆರಡು ವರ್ಷದಿಂದ ರೊಟ್ಟಿ ಬೇಯಿಸುತ್ತಿದ್ದೇನೆ
ಯಾರೂ ಕೇಳಿರಲಿಲ್ಲ, ನಾನೂ ಕೇಳಿಕೊಂಡಿರಲಿಲ್ಲ.
ನಿದ್ದೆ ಹೋಗುತ್ತವೆ ಅನ್ನಬಹುದಿತ್ತು,
ನಾಲಗೆಯ ತುದಿಗೇ ಬಂದಿತ್ತು ಆ ಮಾತು.
ಆದರೆ ಇವಳು ರಾತ್ರಿ ಮಲಗಬೇಕಲ್ಲ
ಅದೇ ಪದದೊಳಗೆ.

ಸಾಯುತ್ತವೆ, ಎಂದೆ.

'ಎಲ್ಲಾನೂ?'

ಗೋಡೆಯ ರೊಟ್ಟಿ ಕಂದುತ್ತಿದ್ದ ವಾಸನೆ ಬಂತು.
ಎರಡನ್ನು ಎತ್ತಿದೆ, ಒಂದು ಬಿದ್ದಿತು.
ನಾವಿಬ್ಬರೂ ಅದು ಹೊತ್ತಿ ಉರಿಯುವುದನ್ನು ನೋಡಿದೆವು.

ಎಲ್ಲಾನೂ ಅಲ್ಲ, ಎಂದೆ,
ದಿನಾ ಒಂದು ಮುದ್ದೆ ಎತ್ತಿಡುತ್ತೇನೆ,
ಅದು ನಾಳೆಯ ಹಿಟ್ಟಿಗೆ ಹೆಪ್ಪು.
'ತೋರಿಸು.'
ತೋರಿಸಿದೆ. ಮಣ್ಣಿನ ಕುಡಿಕೆ, ಒದ್ದೆ ಬಟ್ಟೆ,
ಮೆಟ್ಟಿಲ ಪಕ್ಕದ ತಣ್ಣನೆಯ ಗೂಡು.
ಬೆರಳಿಂದ ಮುಟ್ಟಿದಳು, ಬಹಳ ಹೊತ್ತು ಸುಮ್ಮನಿದ್ದಳು.
ಅಳುತ್ತಾಳೇನೋ ಎಂದುಕೊಂಡೆ.
'ಇವಕ್ಕೆ ಚಳಿ' ಎಂದಷ್ಟೇ ಹೇಳಿದಳು.

ಏಳಕ್ಕೆ ಕಿಟಕಿಯಲ್ಲಿ ಕಂದು ಬೂಟು, ಸವೆದ ಎಡ ಹಿಮ್ಮಡಿ.
'ಅಮ್ಮ!' ಎಂದು ಮೆಟ್ಟಿಲು ಹತ್ತಿ ಓಡಿದಳು.

ಮರುದಿನ ನಸುಕಿಗೆ ಬಂದು ದೀಪ ಹಾಕಿದರೆ
ಕುಡಿಕೆ ಗೂಡಿನಲ್ಲಿಲ್ಲ.
ಒಲೆಯ ಮಗ್ಗುಲಲ್ಲಿ, ಲಿಲೆಯ ಕೆಂಪು ಕಂಬಳಿಯೊಳಗೆ,
ಹೆಪ್ಪು ಉಕ್ಕಿ, ಕಂಬಳಿ ದಾಟಿ,
ನೆಲದ ಮೇಲೆ ನಿಧಾನ ಹರಿದಾಡಿದೆ.
ಅಯ್ಯೋ, ಇದು ಯಾಕೆ ಹೀಗಾಯ್ತು? ಎಂದೆ.

ನನ್ನ ಹೆಗಲ ಮೇಲಿಂದ ಅರ್ಧ ನಿದ್ದೆಯಲ್ಲಿ ಅವಳು,
ದಡ್ಡನಿಗೆ ಹೇಳುವಷ್ಟು ತಾಳ್ಮೆಯಿಂದ,
'ಬೆಚ್ಚಗಾಯ್ತಲ್ಲಪ್ಪಾ,
ಅದಕ್ಕೇ ಜಾಸ್ತಿ ಉಂಡವು.'