ಇಪ್ಪತ್ತಮೂರು ಬಟ್ಟಲು

ಅಂಗಡಿಯಿಂದ ತಂದದ್ದೆಂದು ಯಾರಿಗೂ ಹೇಳಬೇಡ,
ಎಂದಳು ನೆಸ್ಟಾ,
ಮುರಿದ ಮಣಿಕಟ್ಟಿನ ಪ್ಲಾಸ್ಟರನ್ನು
ದಿಂಬಿನ ಮೇಲೆ ಕೂಸಿನಂತೆ ಮಲಗಿಸಿಕೊಂಡು.

ಮೇಜಿನ ಮೇಲೆ ರಟ್ಟಿನ ಪೆಟ್ಟಿಗೆ.
ಒಳಗೆ ಸಿಹಿ ಪೇಸ್ಟ್ರಿಯ ಬಟ್ಟಲುಗಳು,
ಒಂದರಂತೆ ಇನ್ನೊಂದು,
ಅಂಚಿನ ನೆರಿಗೆಯೂ ಎಣಿಸಿಟ್ಟ ಹಾಗೆ,
ಬಾಯಿ ತೆರೆದು ಕಾಯುತ್ತಿವೆ ಹಕ್ಕಿಮರಿಗಳಂತೆ.
ಇಪ್ಪತ್ತನಾಲ್ಕಿದ್ದವು.
ದಾರಿಯಲ್ಲಿ ಒಡೆದದ್ದನ್ನು ಬಸ್ಸಿನಲ್ಲೇ ತಿಂದೆ,
ಅದನ್ನೂ ಹೇಳಿಲ್ಲ.

ಶನಿವಾರ ರಕ್ಷಣಾ ದೋಣಿಯವರ ಚಹಾಕೂಟ.
ಆ ಉದ್ದ ಮೇಜಿನ ಎಡತುದಿ ನಲವತ್ತು ವರ್ಷದಿಂದ ನೆಸ್ಟಾಳದು.
ನಾನೋ ಮೂವತ್ತೊಂದು ವರ್ಷ ರೈಲಿಗೆ ಕೈಮರ ಇಳಿಸಿದವನು,
ಮೊಟ್ಟೆಗೆ ಯಾವ ಸನ್ನೆ ಕೊಡಬೇಕೋ ಅರಿಯೆ.

ಊರಿಗೆಲ್ಲ ಹೇಗೋ ಗೊತ್ತಾಗಿತ್ತು.
ಒಂದು ಚಮಚ ಜಾಮ್ ಸಾಕಪ್ಪಾ, ಎಂದಳು
ಗೋಡೆಯಾಚೆಯಿಂದ ಬೆನನ್ ಮುದುಕಿ, ಬಟ್ಟೆ ಹಿಂಡುತ್ತ.
ಕಸ್ಟರ್ಡ್, ಮೇಲೆ ಜಾಯಿಕಾಯಿ ತುರಿ, ಬೇರೆ ಮಾತಿಲ್ಲ,
ಎಂದ ಕಟುಕ ಗೆಥಿನ್, ಕತ್ತಿ ಮಸೆಯುವುದನ್ನು ನಿಲ್ಲಿಸಿ.
ಔಷಧಿ ಅಂಗಡಿಯವಳು ರೂಬಾರ್ಬ್ ಜೊತೆ ಶುಂಠಿ ಅಂದಳು;
ಅವಳ ಮಗಳು ಕರಗಿದ ಚಾಕೊಲೇಟು, ಚಿಟಿಕೆ ಉಪ್ಪು.
ಉಪ್ಪೇ? ಎಂದೆ.
ಉಪ್ಪೇ, ಎಂದಳು, ನನಗೆ ಎಂಬತ್ತಾಯಿತೇನೋ ಎಂಬಂತೆ ನೋಡಿ.

ಮೊದಲು ನಿಂಬೆ ಕರ್ಡ್‌ಗೆ ಕೈ ಹಾಕಿದೆ.
ಹಳದಿ, ಸಕ್ಕರೆ, ಬೆಣ್ಣೆ, ಹುಳಿ, ಬಿಸಿನೀರ ಮೇಲೆ ಬೋಗುಣಿ,
ತಿರುವು, ತಿರುವು,
ಕಿಟಕಿಯಾಚೆ ಇಳಿತದ ಕಡಲನ್ನು ಒಂದು ಕ್ಷಣ ನೋಡಿದ್ದಷ್ಟೇ.
ಉರಿ ಇಳಿಸು, ಇಡ್ವಲ್! ಒಳಕೋಣೆಯಿಂದ ಕೂಗು.
ಅವಳ ಮೂಗಿಗೂ ಕಿವಿಯಿದೆ.
ಅಷ್ಟರಲ್ಲಿ ಅದು ಸಿಹಿ ಮೊಟ್ಟೆಪಲ್ಯ.
ಬೆಕ್ಕು ಮೂಸಿ ನೋಡಿ ಪಕ್ಕದ ಮನೆಗೆ ಹೋಯಿತು.

ಆ ಸಂಜೆ ಡಬ್ಬ ಹಿಡಿದು ಹಳೆಯ ಹಳಿಯ ಜಾಡಿಗೆ ನಡೆದೆ.
ಕಬ್ಬಿಣ ಕಿತ್ತು ಒಯ್ದು ಯಾವ ಕಾಲವಾಯಿತು,
ಜಲ್ಲಿ ಮಾತ್ರ ಇದೆ, ಜಲ್ಲಿಯ ಸಂದಿಯಿಂದ ಮುಳ್ಳುಪೊದೆ.
ನನ್ನ ಕೈಮರ ನಿಂತಿದ್ದ ಜಾಗದಲ್ಲಿ
ಬ್ಲ್ಯಾಕ್‌ಬೆರಿ ಕೈಗೆಟುಕದಷ್ಟು ಎತ್ತರ,
ಕೆಲವು ಕಪ್ಪು, ಕೆಲವು ಇನ್ನೂ ಕೆಂಪು ದೀಪ.
ಕಪ್ಪಾದವಕ್ಕಷ್ಟೇ ದಾರಿ ಬಿಟ್ಟೆ.

ಬಟ್ಟಲ ತಳಕ್ಕೆ ಬ್ರೆಡ್ಡಿನ ಪುಡಿ ಉದುರಿಸು,
ರಸ ಕುಡಿಯುತ್ತದೆ, ಹಿಟ್ಟು ನೆನೆಯುವುದಿಲ್ಲ,
ಎಂದು ರಾತ್ರಿ ಹನ್ನೊಂದಕ್ಕೆ, ದೀಪ ಆರಿಸಿದ ಮೇಲೆ, ನೆಸ್ಟಾ.
ಅವಳ ತಾಯಿ ಅವಳಿಗೆ ಹೇಳಿದ್ದು,
ಅವಳು ಯಾರಿಗೂ ಹೇಳದ್ದು.
ಕತ್ತಲಲ್ಲೇ ಹ್ಞೂಂ ಅಂದೆ.

ಸೇಬು, ಹಣ್ಣು, ಬೆಲ್ಲದ ಬಣ್ಣದ ಸಕ್ಕರೆ.
ಬೆಳಗಾಗುವಾಗ ಇಪ್ಪತ್ತಮೂರು ಬಾಯಿಗೂ ನೇರಳೆ ತುಟಿ.
ನನ್ನ ಬೆರಳೂ ಹಾಗೇ, ಸೋಪಿಗೂ ಬಗ್ಗಲಿಲ್ಲ.

ಚಹಾಕೂಟದಲ್ಲಿ ಬೆನನ್ ಮುದುಕಿ ಒಂದನ್ನು ಎತ್ತಿದಳು,
ತಿನ್ನಲಿಲ್ಲ, ಮಗುಚಿದಳು.
ಬುಡದಲ್ಲಿ ಕಾರ್ಖಾನೆಯ ಜಾಲರಿ ಗುರುತು, ಸೀಲು ಹೊಡೆದಂತೆ.
ಹಿಟ್ಟು ಯಾರು ಕಲಸಿದ್ದು?
ಸಭಾಂಗಣದ ಚಮಚಗಳೆಲ್ಲ ನಿಂತವು.
ನೆಸ್ಟಾ ತುಟಿ ಬಿಚ್ಚಲಿಲ್ಲ.
ಪ್ಲಾಸ್ಟರ್ ಕೈಯನ್ನು ಮೆಲ್ಲಗೆ ಮೇಲೆತ್ತಿದಳು,
ಆ ಹಿಟ್ಟಿಗಾಗಿಯೇ ಮುರಿದುಕೊಂಡವಳ ಹಾಗೆ.
ಅಯ್ಯೋ ಪಾಪ, ಎಂದು ಮುದುಕಿ ಮೂರು ಕೊಂಡಳು.

ಉಳಿದ ಒಂದನ್ನು ಬಸ್ ನಿಲ್ದಾಣದಲ್ಲಿ
ಕಾಗದದ ಕರವಸ್ತ್ರದ ಮೇಲೆ ಎರಡು ಮಾಡಿದೆ.
ಗಾಳಿ ಪುಡಿಯನ್ನೆಲ್ಲ ಕಡಲಕಾಗೆಗಳಿಗೆ ಹಂಚಿತು.
ಅವಳು ನಿಧಾನ ಜಗಿದಳು, ಕಣ್ಣು ಮುಚ್ಚಿ, ತೀರ್ಪುಗಾರಳಂತೆ.
ಬಟ್ಟಲು ಪರವಾಗಿಲ್ಲ, ಎಂದಳು.
ಸೇಬು ಇನ್ನೂ ಸಣ್ಣಗೆ ಹೆಚ್ಚಬೇಕಿತ್ತು.
ಆಮೇಲೆ, ಹಲ್ಲಿನ ಸಂದಿಯ ಬೀಜವನ್ನು ನಾಲಗೆಯಲ್ಲಿ ಹುಡುಕುತ್ತ,
ಪೆಟ್ಟಿಗೆಯ ಮೇಲೆ ಇಪ್ಪತ್ತನಾಲ್ಕು ಅಂತ ಬರೆದಿತ್ತಲ್ಲ?

ಬಸ್ಸು ಬಂತು, ಎಂದೆ.
ಬಂದಿರಲಿಲ್ಲ.